ಹತ್ತು ಕಿಲೋಮೀಟರ್ ನಡೆಯಬಹುದು, ಸಾವಿರ ರೂಪಾಯಿ ಕೇಳುವುದು ಹೇಗೆ?

ಪ್ರಶ್ನೆ: ನನಗೆ 54 ವರ್ಷ. ಬಸವನಗುಡಿಯಲ್ಲಿ ವಾಸ, ಬ್ಯಾಂಕಿನಲ್ಲಿ ಕೆಲಸ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಳೆದ ವರ್ಷ ನನ್ನ ಅತ್ತಿಗೆ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಹೊರ ಜಿಲ್ಲೆಗಳಿಂದ ಚಿಕಿತ್ಸೆಗೆ ಬರುವ ಕ್ಯಾನ್ಸರ್ ರೋಗಿಗಳಿಗೆ ತಂಗಲು ಜಾಗ ಕೊಡುವ ಒಂದು ಸಂಸ್ಥೆಗಾಗಿ, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವಾದ ವರ್ಲ್ಡ್ ಟೆನ್‌ಕೆಯಲ್ಲಿ ನಡೆದು ಹಣ ಕೂಡಿಸಬೇಕೆಂಬ ಆಸೆ. ಓಡಲು ನನ್ನಿಂದ ಆಗದು. ನಡೆಯುವವರನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆಯೇ? ನಾನು ಕಟ್ಟುವ ನೋಂದಣಿ ಶುಲ್ಕ ಸಂಸ್ಥೆಗೆ ಹೋಗುತ್ತದೆಯೇ? ಅಮೆರಿಕದಲ್ಲಿರುವ ಮಗಳು ಮತ್ತು ಅವಳ ಗೆಳತಿಯರೂ ಕೊಡುತ್ತೇವೆ ಎನ್ನುತ್ತಿದ್ದಾರೆ, ಅದಕ್ಕೆ ಏನು ಮಾಡಬೇಕು? ಇನ್ನೊಂದು ಮಾತು: ಜನರ ಬಳಿ ದುಡ್ಡು ಕೇಳುವುದೆಂದರೆ ನನಗೆ ನಾಲಿಗೆಯೇ ಏಳುವುದಿಲ್ಲ.

ಉತ್ತರ: ‘ಇನ್ನೊಂದು ಮಾತು’ ಎಂದು ಕೊನೆಗೆ ಸೇರಿಸಿದ್ದೀರಲ್ಲ, ನಿಮ್ಮ ಪತ್ರದ ತಿರುಳು ಅದೇ. ಸ್ವಯಂಸೇವಾ ಸಂಸ್ಥೆಗಳಿಗೆ ಹಣ ಕೂಡಿಸುವ ಕೆಲಸದಲ್ಲಿ ಬಹುಕಾಲ ಕಳೆದವನಾಗಿ ಹೇಳುತ್ತೇನೆ: ಇಂಥ ನಡಿಗೆಗಳಲ್ಲಿ ಕಾಲು ಸೋತು ಹಿಂದೆ ಬಿದ್ದವರನ್ನು ಕಂಡಿದ್ದು ಕಡಿಮೆ, ಬಾಯಿ ಬಾರದೆ ಹಿಂದೆ ಬಿದ್ದವರೇ ಹೆಚ್ಚು. ಶೂ ಕೊಳ್ಳುತ್ತಾರೆ, ಕೈಗೆ ಗಡಿಯಾರ ಕಟ್ಟುತ್ತಾರೆ, ಎರಡು ತಿಂಗಳು ಬೆಳಗ್ಗೆ ಎದ್ದು ಅಭ್ಯಾಸ ಮಾಡುತ್ತಾರೆ. ಹಣ ಕೇಳುವುದನ್ನು ಮಾತ್ರ ಕೊನೆಯ ವಾರಕ್ಕೆ ತಳ್ಳಿ, ಮೂರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದೇ ಸಂದೇಶ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಸಂಸ್ಥೆಗೆ ಬೇಕಿರುವುದು ನೀವು ನಡೆದ ದೂರ ಅಲ್ಲ, ಅದನ್ನು ನೆಪವಾಗಿಟ್ಟುಕೊಂಡು ನೀವು ಮಾತನಾಡಿಸಿದ ಜನ.

ಮೊದಲು ನೇರ ಪ್ರಶ್ನೆಗಳನ್ನು ಮುಗಿಸುತ್ತೇನೆ. ವರ್ಲ್ಡ್ ಟೆನ್‌ಕೆ 2008ರಲ್ಲಿ ಆರಂಭವಾಯಿತು. ಆಗ ಮೇ ತಿಂಗಳಲ್ಲಿ ನಡೆಯುತ್ತಿತ್ತು, ಈಚೆಗೆ ಏಪ್ರಿಲ್ ಕೊನೆಯ ಭಾನುವಾರಕ್ಕೆ ಬಂದಿದೆ. ಮೊದಲಿನ ವರ್ಷಗಳಲ್ಲಿ ಕಂಠೀರವ ಕ್ರೀಡಾಂಗಣ ಅದರ ಕೇಂದ್ರವಾಗಿತ್ತು, ಈಗ ಮಾಣೆಕ್ ಷಾ ಪೆರೇಡ್ ಮೈದಾನ. ಮುಂದಿನ ಸಾಲಿನ ಅಂತರರಾಷ್ಟ್ರೀಯ ಓಟಗಾರರು ಈ ಹತ್ತು ಕಿಲೋಮೀಟರನ್ನು 28 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಅವರ ಗೊಡವೆ ನಮಗೆ ಬೇಡ. ಸಾರ್ವಜನಿಕರಿಗಾಗಿ ಇರುವ ಹತ್ತು ಕಿಲೋಮೀಟರ್ ವಿಭಾಗದಲ್ಲಿ ನಡೆದು ಮುಗಿಸುವವರು ಬೇಕಾದಷ್ಟು ಮಂದಿ ಇರುತ್ತಾರೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆದರೆ ಎರಡು ಗಂಟೆ ಸಾಕು. ರಸ್ತೆಯನ್ನು ಎಷ್ಟು ಹೊತ್ತಿಗೆ ವಾಹನಗಳಿಗೆ ಬಿಟ್ಟುಕೊಡುತ್ತಾರೆ ಎಂಬ ಗಡುವನ್ನು ನೋಂದಣಿಯ ಸಮಯದಲ್ಲೇ ಓದಿಕೊಳ್ಳಿ. ಹತ್ತು ಹೆಚ್ಚಾಯಿತೆನಿಸಿದರೆ ಅದರ ಸುಮಾರು ಅರ್ಧ ದೂರದ ಮಜಾ ರನ್ ಇದೆ, ಹಿರಿಯ ನಾಗರಿಕರಿಗೆ ಮತ್ತು ಅಂಗವಿಕಲರಿಗೆ ಬೇರೆ ವಿಭಾಗಗಳಿವೆ. ಮಜಾ ರನ್‌ನಲ್ಲಿ ಯಾರೂ ಸಮಯ ಅಳೆಯುವುದಿಲ್ಲ. ವೇಷ ಹಾಕಿದವರು, ಫಲಕ ಹಿಡಿದವರು, ತಮಟೆ ಬಡಿಯುವವರು ಎಲ್ಲರೂ ಅಲ್ಲೇ. ಸಂಸ್ಥೆಯ ಹೆಸರನ್ನು ನಾಲ್ಕು ಜನರ ಕಣ್ಣಿಗೆ ಬೀಳಿಸುವ ಉದ್ದೇಶವಿದ್ದರೆ ಅದೇ ಒಳ್ಳೆಯ ಜಾಗ. ಆದರೆ ನೀವು ಹತ್ತನ್ನೇ ಆರಿಸಿಕೊಳ್ಳಿ ಎಂದು ನನ್ನ ಸಲಹೆ. ಸ್ವಲ್ಪ ಕಷ್ಟಪಟ್ಟು ಮಾಡುವ ಕೆಲಸಕ್ಕೆ ಕೇಳಿದರೆ ಜನ ಸ್ವಲ್ಪ ಹೆಚ್ಚು ಕೊಡುತ್ತಾರೆ.

ನೋಂದಣಿ ಶುಲ್ಕವು ದಾನವಲ್ಲ. ಅದು ನೀರು, ವೈದ್ಯಕೀಯ ವ್ಯವಸ್ಥೆ, ಎದೆಯ ಮೇಲೆ ಅಂಟಿಸುವ ಸಂಖ್ಯೆ, ಬೇಲಿ, ಮಾರ್ಗ ನಿರ್ವಹಣೆ ಮುಂತಾದ ಖರ್ಚಿಗೆ ಸಂಘಟಕರು ತೆಗೆದುಕೊಳ್ಳುವ ಹಣ. ಅದರ ಬದಲಿಗೆ ನಿಮಗೆ ಸೌಲಭ್ಯ ಸಿಗುತ್ತದೆ, ಆದ್ದರಿಂದ ತೆರಿಗೆ ವಿನಾಯಿತಿಯೂ ಇಲ್ಲ. ದಾನದ ದಾರಿಯೇ ಬೇರೆ. ವರ್ಲ್ಡ್ ಟೆನ್‌ಕೆಯಲ್ಲಿ ಇಂಡಿಯಾ ಕೇರ್ಸ್ ಫೌಂಡೇಷನ್ ಹಲವು ವರ್ಷ ದಾನ ಸಂಗ್ರಹದ ಹೊಣೆ ಹೊತ್ತಿದೆ. ಅದರಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳಲ್ಲಿ ಒಂದನ್ನು ಆರಿಸಿಕೊಂಡು ನಿಮ್ಮ ಹೆಸರಿನಲ್ಲಿ ಒಂದು ಪುಟ ತೆರೆದರೆ, ಅಲ್ಲಿ ಬೀಳುವ ಹಣ ಆ ಸಂಸ್ಥೆಗೆ ಸೇರುತ್ತದೆ. ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ತೊಂದರೆಯಿಲ್ಲ. ನೀವು ನಡೆಯಿರಿ, ಹಣ ಮಾತ್ರ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ. ಇತರ ದೇಣಿಗೆ ಜಾಲತಾಣಗಳನ್ನು ಬಳಸುವುದಾದರೆ ಒಂದು ಎಚ್ಚರ. ಕೆಲವು ಕಡೆ ಜಾಲತಾಣಕ್ಕೇ ಹೋಗುವ ‘ಟಿಪ್’ ಎಂಬ ಪೆಟ್ಟಿಗೆ ತಾನಾಗಿಯೇ ತುಂಬಿಕೊಂಡಿರುತ್ತದೆ, ಅದನ್ನು ಸೊನ್ನೆ ಮಾಡಬಹುದೆಂದು ನಿಮ್ಮ ದಾನಿಗಳಿಗೆ ಮೊದಲೇ ಹೇಳಿಬಿಡಿ. ಸಾವಿರ ಕೊಡಲು ಹೋಗಿ ನೂರಾರು ರೂಪಾಯಿ ಬೇರೆಲ್ಲೋ ಹೋಯಿತೆಂದು ಆಮೇಲೆ ಗೊತ್ತಾದರೆ ಅವರ ಸಿಟ್ಟು ತಿರುಗುವುದು ನಿಮ್ಮ ಮೇಲೆ.

‘ನೇರವಾಗಿ’ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ‘ನನ್ನ ನಂಬರಿಗೆ ಯುಪಿಐ ಮಾಡಿ, ನಾನು ಒಟ್ಟಿಗೆ ಕಳಿಸುತ್ತೇನೆ’ ಎನ್ನುವುದು ಎಲ್ಲರಿಗೂ ಸುಲಭ. ಆಗ ಸಂಸ್ಥೆಯ ರಸೀದಿ ನಿಮ್ಮ ಒಬ್ಬರ ಹೆಸರಿಗೆ ಬರುತ್ತದೆ, ಕೊಟ್ಟ ಮೂವತ್ತು ಮಂದಿಯ ಕೈಗೆ ಏನೂ ಬರುವುದಿಲ್ಲ. ಬ್ಯಾಂಕಿನವರಾದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ, ಆದರೂ ನೆಂಟರ ನಡುವೆ ಲೆಕ್ಕ ಸಡಿಲವಾಗುವುದು ಹೀಗೆಯೇ. ನಗದು ಕೊಡುವವರು ಇದ್ದೇ ಇರುತ್ತಾರೆ. ಮನೆಗೆಲಸಕ್ಕೆ ಬರುವಾಕೆ, ಕಚೇರಿಯ ಕಾವಲುಗಾರ ಐವತ್ತೋ ನೂರೋ ಕೈಗಿಟ್ಟರೆ ಬೇಡ ಎನ್ನಬೇಡಿ. ಹೆಸರು, ಮೊತ್ತ ಬರೆದುಕೊಂಡು ಪಟ್ಟಿಯ ಸಮೇತ ಸಂಸ್ಥೆಗೆ ತಲುಪಿಸಿ, ರಸೀದಿ ತಂದು ಅವರ ಕೈಗೇ ಕೊಡಿ.

ತೆರಿಗೆಯ ಮಾತು. ಎಲ್ಲರೂ 80ಜಿ ಎಂದು ಕರೆಯುವ ಸೌಲಭ್ಯದಲ್ಲಿ, ಮಾನ್ಯತೆ ಪಡೆದ ಸಾಮಾನ್ಯ ಸಂಸ್ಥೆಗೆ ಕೊಟ್ಟ ಹಣದ ಅರ್ಧದಷ್ಟನ್ನು, ಒಂದು ಮಿತಿಯೊಳಗೆ, ಆದಾಯದಿಂದ ಕಳೆಯಬಹುದು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನ ಲೆಕ್ಕಕ್ಕಿಲ್ಲ. ಆದರೆ ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಹೊಸ ಪದ್ಧತಿಗೆ ಹೋದವರಿಗೆ ಈ ಲಾಭವಿಲ್ಲ, ಈಗ ಬಹಳ ಮಂದಿ ಅಲ್ಲೇ ಇದ್ದಾರೆ. ಹಾಗಾಗಿ ‘ತೆರಿಗೆ ಉಳಿಯುತ್ತದೆ’ ಎಂದು ಮಾತು ಆರಂಭಿಸಬೇಡಿ. ಕೇಳಿದವರಿಗೆ ಹೇಳಿದರೆ ಸಾಕು.

ಇದರಲ್ಲೇ ಒಂದು ಉಪಾಯವಿದೆ. ನಿಮ್ಮ ನಡಿಗೆ ಏಪ್ರಿಲ್‌ನಲ್ಲಿ. ಹಳೆಯ ಪದ್ಧತಿಯಲ್ಲಿ ಇರುವವರು ರಸೀದಿಗಾಗಿ ಹುಡುಕಾಡುವುದು ಮಾರ್ಚ್‌ನಲ್ಲಿ. ಮಾರ್ಚ್ 31ರೊಳಗೆ ಕೊಟ್ಟರೆ ಆ ವರ್ಷದ ಲೆಕ್ಕಕ್ಕೆ, ಏಪ್ರಿಲ್ 1ರಂದು ಕೊಟ್ಟರೆ ಮುಂದಿನ ವರ್ಷದ ಲೆಕ್ಕಕ್ಕೆ. ಆದ್ದರಿಂದ ಅಂಥವರನ್ನು ಮಾರ್ಚ್ ಮೊದಲ ವಾರವೇ ಕೇಳಿ, ಸಂಬಳ ಬಂದು ಕೈ ಬಿಸಿಯಾಗಿ ಇರುವಾಗ. ಯಾವ ತಿಂಗಳಾದರೂ 25ರ ನಂತರ ಯಾರನ್ನೂ ಕೇಳಬೇಡಿ, ಮನಸ್ಸಿದ್ದವರಿಗೂ ಆಗ ಮುಜುಗರ. ಮಾರ್ಚ್ ಕೊನೆಯ ವಾರ ವರ್ಷಾಂತ್ಯದ ಲೆಕ್ಕದಲ್ಲಿ ನಿಮಗೇ ತಲೆ ತುರಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ, ಆ ದಿನಗಳನ್ನು ಯೋಜನೆಯಿಂದಲೇ ಬಿಟ್ಟುಬಿಡಿ.

ಮಗಳ ವಿಷಯಕ್ಕೆ ಬರುತ್ತೇನೆ, ಇದನ್ನು ಗಮನವಿಟ್ಟು ಓದಿ. ಅವಳ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಅವಳು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ಕಾನೂನಿನ ಕಣ್ಣಿನಲ್ಲಿ ವಿದೇಶಿ ದೇಣಿಗೆಯಲ್ಲ. ಅಲ್ಲಿ ಗ್ರೀನ್ ಕಾರ್ಡ್ ಇದ್ದರೂ ಇದೇ ಮಾತು. ಆದರೆ ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಕೈಯಲ್ಲಿದ್ದರೂ, ಅದು ವಿದೇಶಿ ದೇಣಿಗೆಯೇ. ಅವಳ ಅಮೆರಿಕನ್ ಗೆಳತಿಯರದ್ದು ಹೇಗೂ ಹಾಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಪ್ರಕಾರ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಇಳಿಯಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಸಂಸ್ಥೆಗೆ ಈ ನೋಂದಣಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಆ ಗೆಳತಿಯರಿಗೆ ಕೈಮುಗಿದು ‘ಬೇಡ’ ಎನ್ನಿ. ಅವರ ಹಣವನ್ನು ಮಗಳ ಖಾತೆಗೋ ನಿಮ್ಮ ಖಾತೆಗೋ ತರಿಸಿಕೊಂಡು ಸಂಸ್ಥೆಗೆ ದಾಟಿಸುವ ಅಡ್ಡದಾರಿಗೆ ಖಂಡಿತ ಹೋಗಬೇಡಿ. ನಿಮ್ಮ ಒಳ್ಳೆಯತನ ಸಂಸ್ಥೆಯ ಕುತ್ತಿಗೆಗೆ ಬರಬಹುದು.

ಸಂಸ್ಥೆಯನ್ನು ನೀವೇ ಒಮ್ಮೆ ಹೋಗಿ ನೋಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ನೋಡದಿದ್ದರೆ ಶೂ ಕೊಳ್ಳುವ ಮೊದಲು ಅಲ್ಲಿಗೆ ಹೋಗಿ. ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ, ಕಳೆದ ವರ್ಷದ ವಾರ್ಷಿಕ ವರದಿ, ಎನ್‌ಜಿಒ ದರ್ಪಣ್ ಎಂಬ ಸರ್ಕಾರಿ ಜಾಲತಾಣದಲ್ಲಿ ಹೆಸರು, ಇವು ಕಾಗದದ ಮಾತು. ಅದಕ್ಕಿಂತ ಮುಖ್ಯವಾದದ್ದು ನೀವು ಕೇಳಬೇಕಾದ ಒಂದೇ ಪ್ರಶ್ನೆ: ಒಬ್ಬ ರೋಗಿ, ಜೊತೆಗೊಬ್ಬರು, ಒಂದು ದಿನ ಇಲ್ಲಿ ಉಳಿದರೆ ನಿಮಗೆ ಎಷ್ಟು ಖರ್ಚು? ಅದಕ್ಕೆ ಥಟ್ಟನೆ ಉತ್ತರ ಬಂದರೆ ಆ ಸಂಸ್ಥೆಗೆ ತನ್ನ ಕೆಲಸ ಗೊತ್ತಿದೆ ಎಂದರ್ಥ. ಬರುವ ಉತ್ತರವೇ ನಿಮ್ಮ ಬಂಡವಾಳ.

ಏಕೆಂದು ಹೇಳುತ್ತೇನೆ. ವಿಕಿರಣ ಚಿಕಿತ್ಸೆ ಒಂದು ದಿನಕ್ಕೆ ಕೆಲವೇ ನಿಮಿಷಗಳ ಕೆಲಸ. ಆದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಮೂರರಿಂದ ಆರು ವಾರ ನಡೆಯುತ್ತದೆ. ರೋಗಿಯನ್ನು ಆಸ್ಪತ್ರೆಗೆ ದಾಖಲು ಮಾಡಿಕೊಳ್ಳುವ ಅಗತ್ಯವಿರುವುದಿಲ್ಲ, ಹಾಗಾಗಿ ಹಾಸಿಗೆಯೂ ಇಲ್ಲ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಕಿದ್ವಾಯಿ ಆಸ್ಪತ್ರೆಗೆ ಬಂದವರು ದಿನವೂ ಊರಿಗೆ ಹೋಗಿ ಬರಲಾರರು, ತಿಂಗಳುಗಟ್ಟಲೆ ಲಾಡ್ಜ್ ಬಾಡಿಗೆ ಕಟ್ಟಲಾರರು. ಚಿಕಿತ್ಸೆಗೆ ಸರ್ಕಾರದ ಯೋಜನೆಯಿಂದ ನೆರವು ಸಿಕ್ಕರೂ ಮಲಗುವ ಜಾಗಕ್ಕೆ ಸಿಗದೆ, ಅರ್ಧಕ್ಕೆ ಬಿಟ್ಟು ಹೋಗುವವರಿದ್ದಾರೆ. ‘ಕ್ಯಾನ್ಸರ್ ರೋಗಿಗಳಿಗೆ ಸಹಾಯ’ ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ಒಂದು ದಿನದ ಕೋಣೆ, ಎರಡು ಹೊತ್ತಿನ ಊಟ ಎಂದರೆ ಕಾಣುತ್ತದೆ.

ಈಗ ಕೇಳುವ ಬಗೆ. ಸಂಕೋಚ ಏಕೆ ಬರುತ್ತದೆಂದರೆ, ನಾವು ನಮಗಾಗಿ ಬೇಡುತ್ತಿದ್ದೇವೆ ಎಂದು ಒಳಗೊಳಗೇ ಅನ್ನಿಸುತ್ತದೆ. ನಮ್ಮ ನಾಡಿನಲ್ಲಿ ನಡೆಯುತ್ತಲೇ ಕೇಳಿದವರಿಗೆ ಕೊರತೆಯಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ ಜನರ ದುಶ್ಚಟಗಳನ್ನೇ ಭಿಕ್ಷೆ ಕೇಳಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ವಿನೋಬಾ ಭಾವೆ 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಿಂದ ಆರಂಭಿಸಿದ ಭೂದಾನ ಯಾತ್ರೆ ಕರ್ನಾಟಕಕ್ಕೂ ಬಂತು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪಕ್ಕದ ಯಲವಾಳದಲ್ಲಿ ಸಮಾವೇಶ ನಡೆದಾಗ ನೆಹರೂ ಕೂಡ ಬಂದು ಕುಳಿತಿದ್ದರು. ವಿನೋಬಾ ಕೇಳುತ್ತಿದ್ದ ರೀತಿಯನ್ನು ಗಮನಿಸಿ: ಐದು ಮಕ್ಕಳಿದ್ದರೆ ನನ್ನನ್ನು ಆರನೆಯವನೆಂದು ಎಣಿಸಿ ಆರನೆಯ ಒಂದು ಪಾಲು ಭೂಮಿ ಕೊಡಿ ಎನ್ನುತ್ತಿದ್ದರು. ‘ಕೈಲಾದಷ್ಟು’ ಎನ್ನಲಿಲ್ಲ. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಟೆರ್ರಿ ಫಾಕ್ಸ್ ಎಂಬ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲಿ ಕೆನಡಾವನ್ನು ದಾಟಲು ಹೊರಟು, ರೋಗ ಮರುಕಳಿಸಿ ನಿಲ್ಲುವ ಹೊತ್ತಿಗೆ 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ್ದ. ಅವನು ಕೇಳಿದ್ದೂ ಸ್ಪಷ್ಟ: ಪ್ರತಿಯೊಬ್ಬ ಕೆನಡಿಯನ್ನನಿಂದ ಒಂದು ಡಾಲರ್. ಮರುವರ್ಷದ ಫೆಬ್ರುವರಿ ಹೊತ್ತಿಗೆ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ದಾಟಿತು, ಆಗಿನ ಕೆನಡಾದ ಜನಸಂಖ್ಯೆಯಷ್ಟು. ಮೊತ್ತ ಹೇಳಿ ಕೇಳುವುದು ಒರಟುತನವಲ್ಲ, ಎದುರಿನವರಿಗೆ ಮಾಡುವ ಉಪಕಾರ. ‘ಎಷ್ಟು ಕೊಟ್ಟರೆ ಮರ್ಯಾದೆ?’ ಎಂಬ ಚಿಂತೆಯಿಂದ ಅವರನ್ನು ಬಿಡಿಸುತ್ತೀರಿ.

ನಿಮ್ಮ ಮನೆಯಲ್ಲಿ ಮುಯ್ಯಿ ಪುಸ್ತಕ ಇರಬಹುದು, ಮದುವೆ ಮುಂಜಿಯಲ್ಲಿ ಯಾರು ಎಷ್ಟು ಕೊಟ್ಟರು ಎಂದು ಬರೆದಿಟ್ಟದ್ದು. ದಾನದ ಲೆಕ್ಕವೂ ಅದೇ ಜಾಯಮಾನದ್ದು. ನಿಮ್ಮ ಮೊದಲ ಪಟ್ಟಿ ಅಲ್ಲಿಂದಲೇ ಹೊರಡಲಿ: ಯಾರ ಮನೆಯ ಶುಭಕಾರ್ಯಕ್ಕೆ ನೀವು ಹೋಗಿದ್ದೀರಿ, ಯಾರ ಮಗುವಿನ ಶಾಲೆಯ ಲಾಟರಿ ಟಿಕೆಟನ್ನು ಮುಖ ಸಿಂಡರಿಸದೆ ಕೊಂಡಿದ್ದೀರಿ, ಅವರು. ನಲವತ್ತು ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರಿಗೆ ಹೊರೆಯಾಗದ ಒಂದು ಮೊತ್ತ ಬರೆಯಿರಿ. ಎಲ್ಲರಿಗಿಂತ ಮೊದಲು ನಿಮ್ಮ ಸ್ವಂತ ಹಣ ಹಾಕಿ. ಪುಟ ತೆರೆದಾಗ ಮೊದಲು ಕಾಣುವ ಮೊತ್ತ ನೂರಾದರೆ ಹಿಂದೆ ಬರುವವರೂ ನೂರೇ ಹಾಕುತ್ತಾರೆ, ಐದು ಸಾವಿರವಾದರೆ ಐನೂರು ಕೊಡಲು ಬಂದವರು ಸಾವಿರಕ್ಕೆ ಏರುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಗುಂಪಿಗೆ ಸಂದೇಶ ಹಾಕಬೇಡಿ. ‘ಆತ್ಮೀಯರೇ, ಒಂದು ಒಳ್ಳೆಯ ಉದ್ದೇಶಕ್ಕಾಗಿ ನಡೆಯುತ್ತಿದ್ದೇನೆ, ದಯವಿಟ್ಟು ನಿಮ್ಮ ಕೈಲಾದ ಸಹಾಯ ಮಾಡಿ’ ಎಂದು ಬರೆದು ಕೆಳಗೆ ಕೈಮುಗಿಯುವ ಚಿತ್ರ ಅಂಟಿಸಿದರೆ, ಅರವತ್ತು ಮಂದಿಯ ಗುಂಪಿನಲ್ಲಿ ಹನ್ನೆರಡು ಹೆಬ್ಬೆರಳು ಮೇಲೇಳುತ್ತವೆ, ದುಡ್ಡು ಏಳುವುದಿಲ್ಲ. ಒಬ್ಬೊಬ್ಬರಿಗೆ, ಅವರನ್ನು ಕರೆಯುವ ರೀತಿಯಲ್ಲೇ ಕರೆದು ಬರೆಯಿರಿ. ಹೀಗೆ, ನಿಮ್ಮ ಸಂಗತಿ ಸೇರಿಸಿ: ‘ಅಕ್ಕಾ, ಅತ್ತಿಗೆಗೆ ರೇಡಿಯೇಷನ್ ಆಗುವಾಗ ನಮಗಾದರೂ ಊರಿನಲ್ಲೇ ಮನೆ ಇತ್ತು. ದೂರದಿಂದ ಬಂದವರಿಗೆ ಅದೂ ಇರಲಿಲ್ಲ. ಅಂಥವರಿಗೆ ಕೋಣೆ ಕೊಡುವ ಸಂಸ್ಥೆಗಾಗಿ ಏಪ್ರಿಲ್‌ನಲ್ಲಿ ಹತ್ತು ಕಿಲೋಮೀಟರ್ ನಡೆಯುತ್ತಿದ್ದೇನೆ. ಮೊದಲ ಐದು ಸಾವಿರ ನಾನೇ ಹಾಕಿದ್ದೇನೆ. ನೀನು ಎರಡು ಸಾವಿರ ಕೊಡುತ್ತೀಯಾ? ಈ ಸಲ ಆಗದಿದ್ದರೆ ಆಗದು ಎಂದುಬಿಡು, ಬೇಸರವಿಲ್ಲ.’ ಕೊನೆಯ ಸಾಲನ್ನು ಬಿಡಬೇಡಿ. ಇಲ್ಲ ಎನ್ನುವ ದಾರಿ ತೆರೆದಿದ್ದರೆ ಹೌದು ಎನ್ನುವುದು ಹಗುರವಾಗುತ್ತದೆ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ನೆನಪಿಸಿ, ಅದಾದ ಮೇಲೆ ಬಿಟ್ಟುಬಿಡಿ. ವಯಸ್ಸಾದವರಿಗೆ ಬರೆಯುವ ಬದಲು ಫೋನ್ ಮಾಡಿ.

ಅತ್ತಿಗೆಯ ಹೆಸರು, ಫೋಟೊ ಬಳಸುವ ಮೊದಲು ಅಣ್ಣ ಮತ್ತು ಮಕ್ಕಳ ಒಪ್ಪಿಗೆ ಕೇಳಿ. ಆಸ್ಪತ್ರೆಯ ಹಾಸಿಗೆಯ ಮೇಲಿನ ಫೋಟೊ ಮಾತ್ರ ಅವರು ಒಪ್ಪಿದರೂ ಬೇಡ. ಕರುಣೆ ಹುಟ್ಟಿಸಿ ಹಣ ಎತ್ತುವ ಈ ಚಾಳಿ ನಮ್ಮ ಕ್ಷೇತ್ರದಲ್ಲಿ ಅತಿಯಾಗಿದೆ. ನಗುತ್ತಿದ್ದ ದಿನದ ಚಿತ್ರವಿದ್ದರೆ ಅದೇ ಚೆನ್ನ. ಒಂದು ವಿಚಾರವನ್ನು ಕಚೇರಿಯಲ್ಲೂ ಕೇಳಿ ನೋಡಿ: ಕೆಲವು ಕಡೆ ಉದ್ಯೋಗಿಗಳು ಕೂಡಿಸಿದಷ್ಟೇ ಹಣವನ್ನು ಅವರ ಕಂಪನಿಯೂ ಸೇರಿಸುವ ಪದ್ಧತಿಯಿದೆ.

ಕಾಲಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ನಾನು ವೈದ್ಯನಲ್ಲ. ನಿಮ್ಮ ವೈದ್ಯರನ್ನು ಕಂಡು ಮಾತ್ರೆಯ ಹೆಸರು ಹೇಳಿ ಕೇಳಿ, ಏಕೆಂದರೆ ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ನಡೆಯುವಾಗ ಸಕ್ಕರೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಕುಸಿಯಬಹುದು, ಆ ದಿನದ ಪ್ರಮಾಣವನ್ನು ಅವರೇ ಹೇಳಬೇಕು. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ. ಕೈ ನಡುಗಿ ಬೆವರು ಕಿತ್ತು ಬಂದರೆ ನಿಂತುಬಿಡಿ, ಮೂರು ಚಮಚದಷ್ಟು ಬಾಯಿಗೆ ಹಾಕಿಕೊಳ್ಳಿ. ಹೊಸ ಶೂವನ್ನು ಆ ದಿನವೇ ಮೊದಲ ಸಲ ತೊಡಬೇಡಿ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಬೊಬ್ಬೆ ಏಳುವುದು ಅದರಿಂದಲೇ. ಸಕ್ಕರೆ ಕಾಯಿಲೆಯವರಿಗೆ ಪಾದದ ಬೊಬ್ಬೆ ಚಿಕ್ಕ ವಿಷಯವಲ್ಲ. ಸಂಜೆ ಬೆರಳುಗಳ ಸಂದಿನವರೆಗೂ ಪಾದ ನೋಡಿಕೊಳ್ಳುವ ರೂಢಿಯನ್ನು ಈಗಿನಿಂದಲೇ ಮಾಡಿಕೊಳ್ಳಿ.

ಅಭ್ಯಾಸಕ್ಕೆ ಎಂಟು ವಾರ ಇಟ್ಟುಕೊಳ್ಳಿ. ಲಾಲ್‌ಬಾಗ್ ನಿಮ್ಮ ಮಗ್ಗುಲಲ್ಲೇ ಇದೆ, ಆದರೆ ಅಲ್ಲಿನ ನೆರಳಿಗೆ ಒಗ್ಗಿಕೊಂಡು ಕೂರಬೇಡಿ. ವಾರಕ್ಕೆ ಒಂದು ದಿನ ಡಾಂಬರು ರಸ್ತೆಯಲ್ಲಿ ಉದ್ದದ ನಡಿಗೆ ಮಾಡಿ, ಬುಲ್ ಟೆಂಪಲ್ ರಸ್ತೆಯ ಏರನ್ನೂ ಸೇರಿಸಿಕೊಳ್ಳಿ. ಮೂರು ಕಿಲೋಮೀಟರ್‌ನಿಂದ ಆರಂಭಿಸಿ, ನಡಿಗೆಗೆ ಎರಡು ವಾರ ಇರುವಾಗ ಎಂಟು ಮುಟ್ಟಿದರೆ ಸಾಕು. ಉಳಿದೆರಡನ್ನು ಆ ದಿನದ ಜನಸಾಗರವೇ ನಡೆಸಿಕೊಂಡು ಹೋಗುತ್ತದೆ.

ಆ ದಿನ ಬೆಳಕು ಹರಿಯುವ ಮೊದಲೇ ಹೊರಡಬೇಕು. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕ್ ಅಥವಾ ಎಂ.ಜಿ. ರಸ್ತೆಯಲ್ಲಿ ಇಳಿದರೆ ಮೈದಾನ ಹತ್ತಿರ. ಭಾನುವಾರ ಮೆಟ್ರೊ ತಡವಾಗಿ ಆರಂಭವಾಗುತ್ತದೆ. ಓಟದ ದಿನ ಬೇಗ ಬಿಡುವುದುಂಟು, ಹಿಂದಿನ ದಿನದ ಪ್ರಕಟಣೆ ನೋಡಿಕೊಳ್ಳಿ. ಸಾಲಿನ ಹಿಂಭಾಗದಲ್ಲಿ ನಿಲ್ಲಿ, ರಸ್ತೆಯ ಒಂದು ಅಂಚು ಹಿಡಿದು ನಡೆಯಿರಿ, ಗೆಳತಿಯರೊಂದಿಗೆ ಕೈಕೈ ಹಿಡಿದು ಗೋಡೆಯಂತೆ ಅಡ್ಡ ಸಾಗಬೇಡಿ. ಓಡುವವರು ಬೈದರೆ ತಪ್ಪು ಅವರದ್ದಲ್ಲ. ನೀರನ್ನು ಬಾಯಾರಿದಷ್ಟೇ ಕುಡಿಯಿರಿ. ಪ್ರತಿ ಮೇಜಿನಲ್ಲೂ ಒಂದು ಲೋಟ ಎಂಬ ಹಟ ಬೇಡ.

ಮುಗಿದ ಮೇಲೆ ಮಲಗುವ ಮೊದಲು ಒಂದು ಕೆಲಸ. ಪದಕದ ಜೊತೆಗಿನ ಫೋಟೊವನ್ನು ಕೊಟ್ಟವರಿಗೆಲ್ಲ ಕಳಿಸಿ, ಒಟ್ಟು ಎಷ್ಟಾಯಿತು, ಅದರಿಂದ ಎಷ್ಟು ದಿನದ ಕೋಣೆ ಸಿಕ್ಕಿತು ಎಂದು ಬರೆಯಿರಿ. ‘ಕೊಡುತ್ತೇನೆ’ ಎಂದು ಹೇಳಿ ಮರೆತವರಿಗೂ ಅದೇ ಫೋಟೊ ಹೋಗಲಿ, ಬೇರೆ ಮಾತು ಬೇಡ. ಅರ್ಧಕ್ಕರ್ಧ ಮಂದಿ ಅಂದು ಸಂಜೆಯೇ ಕಳಿಸುತ್ತಾರೆ. ಮುಂದಿನ ವರ್ಷ ಅವರಲ್ಲಿ ಯಾರಾದರೂ ನಡೆದರೆ ಮುಯ್ಯಿ ಪುಸ್ತಕ ತೆಗೆದು ನೋಡುವ ಸರದಿ ನಿಮ್ಮದು. ತೆರಿಗೆಯ ಪ್ರಮಾಣಪತ್ರ ಬೇಕೆಂದವರ ಪ್ಯಾನ್ ಸಂಖ್ಯೆ, ವಿಳಾಸ ಸಂಸ್ಥೆಯ ಬಳಿ ಸರಿಯಾಗಿದೆಯೇ ಎಂದು ಒಮ್ಮೆ ಪರಿಶೀಲಿಸಿ. ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಂಸ್ಥೆಯು ಅದನ್ನು ಕೊಡಬೇಕು. ಮಾರ್ಚ್‌ನಲ್ಲಿ ಕೊಟ್ಟವರಿಗೆ ಇದೇ ಮೇ, ಏಪ್ರಿಲ್‌ನಲ್ಲಿ ಕೊಟ್ಟವರಿಗೆ ಮುಂದಿನ ವರ್ಷದ ಮೇ. ಬಾರದಿದ್ದರೆ ಅವರು ಫೋನ್ ಮಾಡುವುದು ಸಂಸ್ಥೆಗಲ್ಲ, ನಿಮಗೆ. ಅಲ್ಲಿನ ಲೆಕ್ಕ ನೋಡುವವರ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ.